ಬಾಗಿಲು ತೆರೆದ ಪಾಪೆ

ಉಪ್ಪಿನ ಗದ್ದೆಯಲ್ಲಿ ದುಡಿಯುವ ಹೊನ್ನಮ್ಮನ ಕಣ್ಣಿಗೆ ಪಾಪೆಯೇ ಕಾವಲುಗಾರ. ಬಿಸಿಲು ಕಂಡೊಡನೆ ಅದು ಸಾಸಿವೆಯಷ್ಟಾಗಿ ಬಾಗಿಲನ್ನು ಕಿರಿದು ಮಾಡುತ್ತಿತ್ತು, ಕತ್ತಲಾದರೆ ಅಗಲಿಸುತ್ತಿತ್ತು.

ಒಂದು ಬೆಳಿಗ್ಗೆ ಹೊನ್ನಮ್ಮ, ಬಿಸಿಲಿಗೆಂದು ಕಣ್ಣಿನ ವೈದ್ಯರು ಕೊಟ್ಟಿದ್ದ ಬಿಳಿ ಗಾಜಿನ ಕನ್ನಡಕವನ್ನು ಬುತ್ತಿಚೀಲದೊಳಗೆ ತುರುಕಿ, ಸಂತೆಯಲ್ಲಿ ಕೊಂಡ ಕಪ್ಪು ಕನ್ನಡಕ ಹಾಕಿಕೊಂಡಳು. ಕಪ್ಪಾದಷ್ಟೂ ಕಾಪಾಡುತ್ತದೆ ಎಂದು ಅವಳು ನಂಬಿದ್ದಳು.

"ಎಷ್ಟು ದಿನ ಹೀಗೆ ಮುದುಡಿಕೊಂಡು ನಿಲ್ಲುತ್ತೀಯೋ ತಮ್ಮಾ?" ಎಂದಿತು ಕಪ್ಪು ಕನ್ನಡಕ. "ನಾನು ಬಂದಾಯಿತಲ್ಲ, ಕಾಲು ಚಾಚಿ ಕೂರು."

ಪಾಪೆ ಸುತ್ತ ನೋಡಿತು. ಎಲ್ಲೆಲ್ಲೂ ತಂಪು ನೆರಳು. ಬಾಗಿಲನ್ನು ಪೂರ್ತಿ ತೆರೆದಿಟ್ಟು ಹಾಯಾಗಿ ಕುಳಿತುಬಿಟ್ಟಿತು.

ಸಂಜೆಗೆ ಕಣ್ಣಲ್ಲಿ ಮರಳು ಎರಚಿದಂಥ ಉರಿ. ರೆಪ್ಪೆ ತೆರೆಯಲಾರದೆ ಹೊನ್ನಮ್ಮ ಗೆಳತಿಯ ಸೆರಗು ಹಿಡಿದು ಮನೆಗೆ ನಡೆದಳು.

"ಬಿಸಿಲಿನ ಕಾಣದ ಕಿರಣಗಳೆಲ್ಲ ಒಳಗೆ ನುಗ್ಗಿವೆ. ನೀನು ತಡೆಯಲಿಲ್ಲವೇ?" ಎಂದು ಪಾಪೆ ಕೂಗಿತು.

"ಕತ್ತಲು ಮಾಡುವುದಷ್ಟೇ ನನ್ನ ಕೆಲಸ. ತಡೆಯುತ್ತೇನೆಂದು ನಾನು ಯಾವಾಗ ಹೇಳಿದೆ? ಬಾಗಿಲು ತೆರೆದವನು ನೀನು," ಎಂದಿತು ಕಪ್ಪು ಕನ್ನಡಕ.

ಮೂರು ದಿನ ಕಳೆದು ಉರಿ ಇಳಿಯಿತು. ಹೊನ್ನಮ್ಮ ಬಿಳಿ ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಹೊರಟಳು.

ಪಾಪೆಗೆ ಅನುಮಾನ. "ನೀನೋ ನೀರಿನಷ್ಟು ತಿಳಿ. ಯಾರನ್ನು ತಡೆಯುತ್ತೀಯೆ?"

"ನಿನಗೆ ಕಾಣದವರನ್ನು," ಎಂದಿತು ಬಿಳಿ ಕನ್ನಡಕ.

"ಹಾಗಾದರೆ ನಾನು ಕೂರಬಹುದೇ?"

"ಕಾಣುವವರನ್ನು ಯಾರು ನೋಡಿಕೊಳ್ಳುತ್ತಾರೆ?"

ಪಾಪೆ ಎದ್ದು, ಸಾಸಿವೆಯಷ್ಟಾಗಿ, ತನ್ನ ಬಾಗಿಲಲ್ಲಿ ನಿಂತಿತು.