ಬಿಗಿದು ಕಟ್ಟಿದ ಬಾಸಿಂಗ

"ಗುರುಗಳೇ, ಭಯ ಒಳ್ಳೆಯದೇ ಅಲ್ಲವೇ? ಭಯವಿದ್ದವನ ಕೆಲಸದಲ್ಲಿ ತಪ್ಪಾಗುವುದಿಲ್ಲ" ಎಂದು ಶಿಷ್ಯ ಮುರಿಗೆಯ್ಯ ಕೇಳಿದ. ಮಠದ ನಂದಾದೀಪದ ಹೊಣೆ ಈಚೆಗೆ ಅವನ ಪಾಲಿಗೆ ಬಂದಿತ್ತು. ದೀಪ ಎಲ್ಲಿ ಆರೀತೋ ಎಂದು ಅದರ ಮುಂದೆಯೇ ಕೂತಿರುತ್ತಿದ್ದ. ಬಂದ ಭಕ್ತರನ್ನು ಮಾತಾಡಿಸಲೂ ಅವನಿಗೆ ಪುರುಸೊತ್ತಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಬಾಸಿಂಗ ಮಾಡುವವನೊಬ್ಬನಿದ್ದ. ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗವನ್ನು ಬೆಂಡು ಕೊರೆದು, ಮಣಿ ಪೋಣಿಸಿ, ಜರಿ ಅಂಟಿಸಿ ಕೈಯಲ್ಲೇ ಮಾಡುತ್ತಿದ್ದ. ಒಬ್ಬರಿಗೆ ನವಿಲು ಬೇಕು, ಇನ್ನೊಬ್ಬರಿಗೆ ಮುತ್ತಿನ ಸಾಲು ಬೇಕು. ಹಣೆಯ ಅಳತೆ ತೆಗೆದುಕೊಂಡು, ಕೇಳಿದವರಿಗೆ ಕೇಳಿದ ಹಾಗೆ ಮಾಡಿಕೊಡುತ್ತಿದ್ದ. ಸುತ್ತಲಿನ ಊರುಗಳಲ್ಲಿ ಅವನ ಕೈಗೆ ಹೆಸರಿತ್ತು.

ಒಂದು ದಿನ ಯಾರೋ ಒಂದು ಸುದ್ದಿ ತಂದರು. ಎಲ್ಲಿಯದೋ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ವಧುವಿನ ಬಾಸಿಂಗದ ದಾರ ಹರಿಯಿತಂತೆ. ಅಪಶಕುನವೆಂದು ಜನ ಗುಸುಗುಸು ಮಾಡಿದರಂತೆ. ಅದನ್ನು ಮಾಡಿದವನ ಅಂಗಡಿಯತ್ತ ಆಮೇಲೆ ಯಾರೂ ತಲೆ ಹಾಕಲಿಲ್ಲವಂತೆ. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಭಯಕ್ಕೆ ಸಾಕ್ಷಿ ಯಾಕೆ ಬೇಕು? ಅದು ಬಂದು ಇವನ ಎದೆಯಲ್ಲಿ ಕೂತುಬಿಟ್ಟಿತು.

ಅಂದಿನಿಂದ ಅವನು ದಾರವನ್ನು ಮೂರೆಳೆ ಹೊಸೆದ. ಮೇಣ ತಿಕ್ಕಿದ. ಬೇರೆಯವರ ಕೈ ನಂಬದೆ, ಮದುವೆಮನೆಗೆ ತಾನೇ ಹೋಗಿ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿದ. ಕಟ್ಟಿದ ಮೇಲೂ ಮನೆಗೆ ಹೋಗಲಿಲ್ಲ. ಹಂದರದ ಒಂದು ಬದಿಗೆ ನಿಂತು ವಧುವಿನ ಕಿವಿಯ ಮೇಲೆ ಹಾದುಹೋದ ದಾರವನ್ನೇ ನೋಡುತ್ತಿದ್ದ. ಎಲ್ಲರೂ ಅಕ್ಷತೆ ಹಾಕುವಾಗ ಇವನ ಅಕ್ಷತೆ ಬೆವರಿದ ಮುಷ್ಟಿಯಲ್ಲೇ ಉಳಿಯುತ್ತಿತ್ತು.

ಅವನ ಮಗಳ ಮದುವೆಯೂ ಬಂತು. ಬೇರೆಯವರ ಮಕ್ಕಳಿಗೇ ಅಷ್ಟು ಹೆದರಿದವನು ತನ್ನ ಮಗಳಿಗೆ ಎಷ್ಟು ಹೆದರಿರಬೇಡ! ದಾರಕ್ಕೆ ಇನ್ನೂ ಎರಡು ಎಳೆ ಕೂಡಿಸಿದ. ಗಂಟಿಗೆ ಗೋಂದು ಹಚ್ಚಿದ. ಅಕ್ಷತೆ ಬಿತ್ತು, ವಾದ್ಯ ಮೊಳಗಿತು, ದಾರ ಅಲುಗಲಿಲ್ಲ. ಅವನಿಗೆ ಹೋದ ಜೀವ ಬಂದ ಹಾಗಾಯಿತು.

ಗಂಡನ ಮನೆಗೆ ಹೊರಡುವ ಮೊದಲು ಬಾಸಿಂಗ ಬಿಚ್ಚುವುದು ಅವರ ಪದ್ಧತಿ. ಮುತ್ತೈದೆಯರು ಕೈ ಹಚ್ಚಿದರು. ಗಂಟು ಸಡಿಲವಾಗಲಿಲ್ಲ. ಉಗುರು ಮುರಿಯಿತು, ಗಂಟು ಬಿಡಲಿಲ್ಲ. ಅಂಟಿಕೊಂಡ ಕೂದಲು ಜಗ್ಗಿ ಹುಡುಗಿಯ ಕಣ್ಣಲ್ಲಿ ನೀರು ಬಂತು.

"ಅಪ್ಪಾ, ಭಾಳ ನೋಯಾಕ ಹತ್ತೇತಿ. ನೀನ ಕಟ್ಟೀದಿ, ನೀನ ಬಿಚ್ಚು" ಎಂದಳು.

ಅವನಿಗೂ ಬಿಚ್ಚಲಾಗಲಿಲ್ಲ. ಬಂಡಿ ಹೂಡಿ ನಿಂತಿತ್ತು, ಬೀಗರು ಕಾಯುತ್ತಿದ್ದರು. ಕತ್ತರಿ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ, ಯಾವುದು ಆಗಬಾರದೆಂದು ಇಷ್ಟು ಕಾಲ ನಡುಗಿದ್ದನೋ ಅದನ್ನು ತನ್ನ ಕೈಯಾರೆ ಮಾಡಿದ. ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದ. ಮಗಳು ಬಂಡಿ ಹತ್ತಿ ಹೋದಳು.

ಮನೆ ಬರಿದಾದ ಮೇಲೆ ಹೆಂಡತಿ ಅವನ ಹತ್ತಿರ ಬಂದು ಕೂತಳು. "ಧಾರಿ ಎರೆಯೂವಾಗ ನಾ ಆಕಿ ಹಿಂದ ನಿಂತಿದ್ದೆ, ಮಾರಿ ಕಾಣಲಿಲ್ಲ. ನೀವು ನೋಡೀರಲ್ಲ, ಬಾಸಿಂಗದಾಗ ನನ್ನ ಮಗಳು ಹೆಂಗ ಕಾಣತಿದ್ಲು?" ಎಂದು ಕೇಳಿದಳು.

ಅವನು ನೆನಪು ಮಾಡಿಕೊಂಡ. ದಾರ ನೆನಪಿತ್ತು, ಮೇಣದ ಹೊಳಪು ನೆನಪಿತ್ತು, ಒಂದೊಂದು ಗಂಟೂ ನೆನಪಿತ್ತು. ಬೇರೇನೂ ನೆನಪಿಗೆ ಬರಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮುರಿಗೆಯ್ಯ ನಂದಾದೀಪದ ಕಡೆಗೊಮ್ಮೆ ನೋಡಿದ. "ದಾರ ಕತ್ತರಿಸಿದ್ದರಿಂದ ಮುಂದೆ ಏನಾದರೂ ಕೆಡುಕಾಯಿತೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಅವನನ್ನೇ ನೋಡಿದರು.

"ಆ ಹುಡುಗಿಯ ಮುಖ ಹೇಗಿತ್ತೆಂದು ನೀನೂ ಕೇಳಲಿಲ್ಲವಲ್ಲ."