ಹೆಣದ ಗಾಡಿಗೆ ಬಿಟ್ಟ ದಾರಿ

"ಗುರುಗಳೇ, ಒಳ್ಳೆಯ ಮಾತಿನಲ್ಲಿ ಕೇಳಿದರೆ ಈ ಜನ ಒಂದು ಗೇಣು ದಾರಿಯನ್ನೂ ಬಿಡುವುದಿಲ್ಲ. ಒಂದು ಸುಳ್ಳಿನಿಂದ ಇಡೀ ಊರಿನ ಓಡಾಟ ಸಲೀಸಾಗುವುದಾದರೆ ಆ ಸುಳ್ಳನ್ನು ಹೇಳಬಾರದೇ?"

ಕೇಳಿದವನು ಗುರುಶಾಂತ. ನಗರದ ನಡುವೆ ಹಾದುಹೋಗುವ ಹೆದ್ದಾರಿಯ ಸಂಚಾರವನ್ನು ನೋಡಿಕೊಳ್ಳುವ ಅಧಿಕಾರಿ. ಉಪಾಯವೊಂದು ಅವನ ತಲೆಯಲ್ಲಿ ಆಗಲೇ ಕುಳಿತಿತ್ತು; ಗುರುಗಳ ಬಾಯಿಂದ 'ಹೂಂ' ಎಂಬುದೊಂದೇ ಬೇಕಾಗಿತ್ತು. ಹೀಗೆ ಮೊದಲೇ ತೀರ್ಮಾನ ಮಾಡಿಕೊಂಡು ಆಮೇಲೆ ಒಪ್ಪಿಗೆ ಕೇಳಲು ಬರುವವರನ್ನು ಗುರುಗಳು ಬಹಳ ಕಂಡಿದ್ದರು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂತುಕೋ ಎಂದು ಹೇಳಿ ಕತೆ ತೆಗೆದರು.

ಒಂದು ನಗರದಲ್ಲಿ ನಿನ್ನಂತೆಯೇ ಒಬ್ಬ ಅಧಿಕಾರಿ ಇದ್ದ. ಅವನ ಹೆದ್ದಾರಿಯಲ್ಲಿ ನಾಲ್ಕು ದಾರಿ ಕೂಡುವ ಒಂದು ಜಾಗವಿತ್ತು. ಜನ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ, ಸಂಜೆ ಮರಳುವಾಗ ಅಲ್ಲಿ ವಾಹನಗಳು ಮೂತಿಗೆ ಮೂತಿ ತಾಗಿಸಿ ನಿಂತುಬಿಡುತ್ತಿದ್ದವು. ಒಬ್ಬ ಹಿಂದೆ ಸರಿದರೆ ಎಲ್ಲರೂ ಹೋಗಬಹುದು. ಆದರೆ ಆ ಒಬ್ಬ ತಾನೇ ಏಕಾಗಬೇಕು ಎಂಬುದು ಪ್ರತಿಯೊಬ್ಬನ ವಾದ. ಅಧಿಕಾರಿ ರಸ್ತೆ ಅಗಲ ಮಾಡಿಸಿದ. ಅಗಲವಾದಷ್ಟೂ ವಾಹನ ಬಂದು ತುಂಬಿಕೊಂಡವು. ಸಿಗ್ನಲ್ ಹಾಕಿಸಿದ, ಪೊಲೀಸರನ್ನು ನಿಲ್ಲಿಸಿದ. ಅವರ ಸೀಟಿ ಹಾರನ್ನಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಮೇಲಿನವರು ಬೈದರು, ಪತ್ರಿಕೆಯವರು ಆಡಿಕೊಂಡರು, ಅವನು ಹೈರಾಣಾದ.

ಒಂದು ಸಂಜೆ ಆ ಗೊಂದಲದೊಳಕ್ಕೆ ಒಂದು ಹೆಣದ ಗಾಡಿ ಬಂತು. ಮುಂದೆ ಕೂತವನು ಕಿಟಕಿಯಿಂದ ಕೈ ಚಾಚಿ ಪುರಿ ಎರಚುತ್ತಿದ್ದ. ಅಲ್ಲಿಯವರೆಗೆ ಜಗ್ಗದಿದ್ದ ಲಾರಿಗಳು ಹಿಂದಕ್ಕೆ ಸರಿದವು. ಕಾರಿನವರು ಫುಟ್‌ಪಾತ್ ಹತ್ತಿಸಿದರು. ಹಾರನ್ನು ನಿಂತವು. ಸ್ಕೂಟರಿನವನೊಬ್ಬ ಚಪ್ಪಲಿ ಕಳಚಿ ಕೈ ಮುಗಿದ. ಗಾಡಿ ಹೋದ ಮೇಲೆ ತೆರವಾದ ಜಾಗದಲ್ಲಿ ಪೊಲೀಸರು ಉಳಿದ ವಾಹನಗಳನ್ನು ಒಂದೊಂದಾಗಿ ಬಿಟ್ಟರು. ಅಧಿಕಾರಿ ಇದನ್ನೆಲ್ಲ ಕಣ್ಣಾರೆ ಕಂಡ.

ಮರುದಿನದಿಂದ ಅವನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೆಣವಿಲ್ಲದ ಹೆಣದ ಗಾಡಿಯೊಂದನ್ನು ಓಡಿಸತೊಡಗಿದ. ಒಳಗೆ ಚಟ್ಟ. ಚಟ್ಟದ ಮೇಲೆ ಬಿಳಿ ಬಟ್ಟೆ ಹೊದಿಸಿದ ಹುಲ್ಲಿನ ಕಂತೆ, ಅದಕ್ಕೊಂದು ಸೇವಂತಿಗೆ ಹಾರ. ಈ ಗುಟ್ಟು ಅವನಿಗೂ ಗಾಡಿಯ ಚಾಲಕನಿಗೂ ಬಿಟ್ಟರೆ ಮತ್ತೊಬ್ಬರಿಗೆ ಗೊತ್ತಿರಲಿಲ್ಲ. ದಾರಿ ಸಲೀಸಾಯಿತು. ಬೈದವರೇ ಬೆನ್ನು ತಟ್ಟಿದರು. ಜಾಣ ಅಂದರೆ ಅವನು. ನೀನೇನೂ ಅವನಿಗೆ ಕಡಿಮೆಯಿಲ್ಲ ಬಿಡು.

ಆದರೆ ಹೆಣ ಹೋಗುವ ಬೀದಿಗೆ ಅದರದೇ ನಡವಳಿಕೆ ಇದೆ. ಗಾಡಿ ಕಂಡೊಡನೆ ಅಂಗಡಿಯವರು ಶೆಟರ್ ಅರ್ಧ ಎಳೆಯುತ್ತಿದ್ದರು. ಗಾಡಿ ದಾಟಿದ ಮೇಲೆ ಹೆಂಗಸರು ಹೊಸ್ತಿಲಿಗೆ ನೀರು ಹಾಕುತ್ತಿದ್ದರು. ಬರಬರುತ್ತ ಅಂಗಡಿಯವರು ಶೆಟರ್ ಮೇಲೆತ್ತುವುದನ್ನೇ ಬಿಟ್ಟರು. ಗಿರಾಕಿಗಳು ಬಗ್ಗಿ, ಕೆಳಗಿನಿಂದ ಕೈ ಚಾಚಿ ಸಾಮಾನು ತೆಗೆದುಕೊಂಡರು. ಹೊಸ್ತಿಲುಗಳು ಒಣಗಲಿಲ್ಲ. ಮಕ್ಕಳನ್ನು ಯಾರೂ ಹೊರಗೆ ಬಿಡಲಿಲ್ಲ. ಊರಿಗೆ ಏನೋ ಬಡಿದಿದೆ, ಸಾವು ಬಿಡುವೇ ಕೊಡುತ್ತಿಲ್ಲ ಎಂದು ಜನ ದನಿ ತಗ್ಗಿಸಿ ಮಾತಾಡಿಕೊಂಡರು. ವಾಹನಗಳು ಸರಾಗವಾಗಿ ಹೋಗುತ್ತಿದ್ದವು, ಒಂದು ನರಪಿಳ್ಳೆಯ ನಗು ಮಾತ್ರ ಆ ದಾರಿಯಲ್ಲಿ ಕೇಳುತ್ತಿರಲಿಲ್ಲ.

ಅಧಿಕಾರಿಯ ಮನೆ ಹೆದ್ದಾರಿಯ ಬದಿಗೇ ಇತ್ತು. ಮನೆಯಲ್ಲಿ ತಾಯಿ ಇದ್ದಳು. ಅವಳು ಬೆಳಗಿನ ತಿಂಡಿಗೆ ಕೂರುವ ಹೊತ್ತಿಗೆ ಒಮ್ಮೆ, ಸಂಜೆಯ ಊಟಕ್ಕೆ ಕೂರುವ ಹೊತ್ತಿಗೆ ಒಮ್ಮೆ ಗಾಡಿ ಬರುತ್ತಿತ್ತು. ಬೀದಿಯಲ್ಲಿ ಹೆಣ ಇರುವಾಗ ತುತ್ತು ಎತ್ತಬಾರದು ಎಂಬುದು ಅವಳು ಚಿಕ್ಕಂದಿನಿಂದ ನಡೆಸಿಕೊಂಡು ಬಂದ ರೀತಿ. ಕೈ ತೊಳೆದು ಎದ್ದುಬಿಡುತ್ತಿದ್ದಳು. ಎದ್ದ ತಟ್ಟೆಗೆ ಮತ್ತೆ ಕೂರುತ್ತಿರಲಿಲ್ಲ. ಇವತ್ತು ಯಾರು ಹೋದರಪ್ಪ ಎಂದು ಕೇಳುತ್ತಿದ್ದಳು. ಯಾರೋ ಎನ್ನುತ್ತಿದ್ದ ಮಗ. ಒಳಗಿರುವುದು ಬರೀ ಹುಲ್ಲು ಎಂದು ಹೇಳಲು ಎಷ್ಟೋ ಸಲ ಬಾಯಿ ತೆರೆದ. ಅಮ್ಮ ಪಕ್ಕದ ಮನೆಯಲ್ಲಿ ಹೇಳಿದರೆ, ಅಲ್ಲಿಂದ ಊರಿಗೆ ಹರಡಿದರೆ, ದಾರಿ ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ನೆನೆದು ಬಾಯಿ ಮುಚ್ಚಿದ. ತಾಯಿ ಕಣ್ಣೆದುರೇ ಕಡ್ಡಿಯಾದಳು. ಅವನಿಗೆ ಸಂಕಟವಾಗುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದ.

ಒಂದು ಸಂಜೆ ಅವಳು ತಟ್ಟೆಯ ಮುಂದೆಯೇ ಕುಸಿದಳು. ಓಡಿಬಂದ ಡಾಕ್ಟರು ನಾಡಿ ಹಿಡಿದು, ಬೇಗ ದೊಡ್ಡಾಸ್ಪತ್ರೆಗೆ ಮುಟ್ಟಿಸಿದರೆ ಉಳಿಯುತ್ತಾಳೆ ಎಂದರು. ಆಸ್ಪತ್ರೆ ಇದ್ದದ್ದು ಹೆದ್ದಾರಿಯ ಇನ್ನೊಂದು ತುದಿಗೆ. ಅವಳನ್ನು ಹೊತ್ತ ಆಂಬುಲೆನ್ಸ್ ಕೂಡುರಸ್ತೆಗೆ ಬಂದು ನಿಂತುಬಿಟ್ಟಿತು. ಸೈರನ್ ಕೂಗಿಯೇ ಕೂಗಿತು. ಯಾರೂ ಅಲುಗಲಿಲ್ಲ.

ಸಂಜೆಯ ಓಟಕ್ಕೆಂದು ಹೆಣದ ಗಾಡಿ ಅಲ್ಲೇ ಬದಿಯಲ್ಲಿ ಕಾದಿತ್ತು. ಅಧಿಕಾರಿ ಹಿಂದೆ ಮುಂದೆ ನೋಡಲಿಲ್ಲ. ಹುಲ್ಲಿನ ಕಂತೆಯನ್ನು ಎಳೆದು ಹಾಕಿ, ತಾಯಿಯನ್ನು ಎತ್ತಿ ತಂದು ಚಟ್ಟದ ಮೇಲೆ ಮಲಗಿಸಿದ. ಚಾಲಕನ ಕೈಗೆ ಪುರಿಯ ಚೀಲ ಕೊಟ್ಟು ತಾನೇ ಸ್ಟೇರಿಂಗ್ ಹಿಡಿದ.

ದಾರಿ ತೆರೆದುಕೊಂಡಿತು. ಲಾರಿಗಳು ಹಿಂದಕ್ಕೆ ಹೋದವು. ಹಾರನ್ನು ನಿಂತವು. ಎರಡೂ ಕಡೆ ಜನ ಸಾಲಾಗಿ ನಿಂತು ಕೈ ಮುಗಿದರು. ಹೆಂಗಸರು ನೀರಿನ ತಂಬಿಗೆ ಹಿಡಿದು ಗಾಡಿ ದಾಟಲಿ ಎಂದು ಕಾದರು. ಯಾರೋ ತೂರಿದ ಹೂವು ಕಿಟಕಿಯಿಂದ ಒಳಗೆ ಬಂದು ತಾಯಿಯ ಮುಖದ ಮೇಲೆ ಬಿತ್ತು. ಅವಳು ಕಣ್ಣು ಬಿಟ್ಟಳು.

"ಮಗಾ, ಎಲ್ಲರೂ ನನಗೆ ಕೈ ಮುಗೀತಿದ್ದಾರಲ್ಲೋ. ನಾನಿನ್ನೂ ಇದ್ದೀನಿ ಅಂತ ಹೇಳೋ."

ಹೇಳಿದರೆ ಕೈಗಳು ಕೆಳಗಿಳಿಯುತ್ತವೆ, ಲಾರಿಗಳು ಮುಂದೆ ಬರುತ್ತವೆ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ತಡೆದುಕೋ ಅಮ್ಮ, ಇನ್ನೇನು ಬಂದೇಬಿಟ್ಟಿತು ಎಂದ. ಅವಳು ಇನ್ನೊಮ್ಮೆ ಕೇಳಿದಳು. ಆಗ ದನಿ ಸಣ್ಣದಾಗಿತ್ತು. ಅವನು ತಿರುಗಿ ನೋಡದೆ ಗಾಡಿ ಓಡಿಸಿದ. ಎದುರಿಗೆ ಒಂದು ಸೈಕಲ್ಲೂ ಅಡ್ಡ ಬರಲಿಲ್ಲ. ಕೈ ಮುಗಿದವರ ಸಾಲು ಮುಗಿಯಲೇ ಇಲ್ಲ. ಎಲ್ಲರ ಕಣ್ಣೂ ಗಾಡಿಯ ಹಿಂಭಾಗದ ಮೇಲೆಯೇ ಇದ್ದವು. ಮೂರನೆಯ ಸಲ ಅವಳು ಕೇಳಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಟೋಪಿ ತೆಗೆದು, ಶವಾಗಾರವಿದ್ದ ಹಿಂದಿನ ಬಾಗಿಲಿನ ಕಡೆ ಕೈ ತೋರಿಸಿದ. ಅಧಿಕಾರಿ ಗಾಡಿಯಿಂದ ಹಾರಿ ಅವನ ತೋಳು ಹಿಡಿದುಕೊಂಡ.

"ಬದುಕಿದ್ದಾಳೆ ಕಣಯ್ಯಾ, ನಮ್ಮಮ್ಮ ಬದುಕಿದ್ದಾಳೆ."

ಕಾವಲುಗಾರ ಕಿಟಕಿಯೊಳಕ್ಕೆ ಬಗ್ಗಿ ನೋಡಿದ. ಮೆಲ್ಲಗೆ ತೋಳು ಬಿಡಿಸಿಕೊಂಡ.

"ಕರ್ಕೊಂಡು ಬರೋರೆಲ್ಲ ಹಂಗೇ ಅಂತಾರೆ ಸ್ವಾಮಿ."

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಆದರೂ ಆ ಅಧಿಕಾರಿಯನ್ನು ಬಿಟ್ಟುಕೊಡಲು ಗುರುಶಾಂತನಿಗೆ ಮನಸ್ಸು ಬರಲಿಲ್ಲ.

"ಬಾಯಿ ಬಿಟ್ಟಿದ್ದರೆ ದಾರಿ ಮುಚ್ಚಿಹೋಗುತ್ತಿತ್ತು ಗುರುಗಳೇ. ತಾಯಿಗೆ ದಾರಿ ಸಿಗಲಿ ಎಂದಲ್ಲವೇ ಅವನು ಸುಮ್ಮನಿದ್ದದ್ದು?"

"ಆ ತಾಯಿ ಕೇಳಿದ್ದು ದಾರಿಯನ್ನಲ್ಲವಲ್ಲಪ್ಪ" ಎಂದರು ಗುರುಗಳು.