ಸಿಂಗ್ರಿ ಸಾಹೇಬರನ್ನು ಮೂಸಿ ನೋಡಿದ್ದು

ಎಲೆ ಅಡಿಕೆ ಹಾಕ್ಕೊಂಡು ಸುಮ್ಮನೆ ಕೂತ್ಕೊಳ್ಳಿ, ಹೇಳ್ತೀನಿ. ಮಧ್ಯೆ ಯಾರಾದ್ರೂ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ, ಅಷ್ಟೆ.

ನಮ್ಮ ಪೇಟೆ ಬಸ್ ಸ್ಟ್ಯಾಂಡ್ ಎದುರು ಚೆಲುವಾಜಮ್ಮ ಅಂತ ಒಬ್ಬಳು. ತಟ್ಟೆ ಇಡ್ಲಿ ಹೋಟೆಲ್ ಅವಳದು. ಅವಳಿಗೊಬ್ಬ ಮಗ, ಸಿಂಗ್ರಿ. ವಯಸ್ಸು ಮೂವತ್ತೆರಡು ಬಂದಿತ್ತು, ಬುದ್ಧಿ ಮಾತ್ರ ಇನ್ನೂ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ತೊಂದರೆ!

ಒಂದಿನ ನೋಟೀಸು ಬಂತು. ಸೋಮವಾರ ಸರ್ಕಾರದ ಸಾಹೇಬ್ರು ಬರ್ತಾರೆ, ಗ್ಯಾಸ್ ಸಿಲಿಂಡರ್ ತಪಾಸಣೆ ಮಾಡ್ತಾರೆ. ನಿಯಮದಂತೆ ಇಲ್ಲದಿದ್ರೆ ಹೋಟೆಲ್‌ಗೆ ಬೀಗ! ಆ ಒಲೆ ಆರಿದ್ರೆ ಚೆಲುವಾಜಮ್ಮನಿಗೆ ಬೇರೆ ಗತಿ ಇಲ್ಲ.

"ಸಿಂಗ್ರಿ, ಹೋಗಿ ಸಿಲಿಂಡರ್ ತಗೊಂಡ್ ಬಾರೋ."

ಹೋದ. ತಂದ. ಹೇಗೆ ತಂದ? ಕಾಲಲ್ಲಿ ಒದ್ದು, ಬೀದಿಯುದ್ದಕ್ಕೂ ಗಡಗಡ ಉರುಳಿಸ್ಕೊಂಡು ತಂದ. ಜನ ಎದ್ದೆವೋ ಬಿದ್ದೆವೋ ಅಂತ ಓಡಿದ್ರು.

"ಅಯ್ಯೋ ಪೆದ್ದ ನನ್ಮಗನೆ! ಅದನ್ನ ನೆಟ್ಟಗೆ ನಿಲ್ಲಿಸಬೇಕು ಕಣೋ, ಸರಪಳಿ ಹಾಕಿ ಕಟ್ಟಬೇಕು!"

"ಆಗ್ಲಿ ಕಣವ್ವ. ಹಂಗೇ ಮಾಡ್ತೀನಿ."

ಮಧ್ಯಾಹ್ನದ ಬಸ್ಸಿಗೆ ಅಜ್ಜಿ ಬರೋಳಿದ್ಲು, ಚೆಲುವಾಜಮ್ಮನ ತಾಯಿ. "ಹೋಗಪ್ಪ, ಅಜ್ಜೀನ ಜೋಪಾನವಾಗಿ ಇಳಿಸ್ಕೋ" ಅಂತ ಕಳಿಸಿದ್ಲು. ಹೋದ. ಇಳಿಸ್ಕೊಂಡ. ಲೈಟ್ ಕಂಬಕ್ಕೆ ನೆಟ್ಟಗೆ ನಿಲ್ಲಿಸಿದ, ಸರಪಳಿ ಸುತ್ತಿದ, ಊಟಕ್ಕೆ ಮನೆಗೆ ಬಂದ! ಅಲ್ಲಿ ಅಜ್ಜಿ ಕತ್ತಿಗೆ ಬಸ್ ಪಾಸು ನೇತಾಕ್ಕೊಂಡು, ಸುಡು ಬಿಸಿಲಲ್ಲಿ, "ಲೋ ಮುಂಡೇದೆ, ಬಿಚ್ಚೋ!" ಅಂತ ಬೊಬ್ಬೆ ಹೊಡೀತಿದ್ಲು.

ಚೆಲುವಾಜಮ್ಮ ಓಡಿ ಹೋಗಿ ಅಜ್ಜೀನ ಬಿಚ್ಚಿ ಕರ್ಕೊಂಡು ಬಂದು, ತಲೆ ತಲೆ ಚಚ್ಕೊಂಡ್ಲು. "ಲೋ, ನೆರಳಲ್ಲಿ ಮಲಗಿಸಬೇಕಿತ್ತು! ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಬೇಕಿತ್ತು!"

"ಆಗ್ಲಿ ಕಣವ್ವ. ಹಂಗೇ ಮಾಡ್ತೀನಿ."

ಮಾರನೇ ದಿನ ಅವಳು ಸಂತೆಯಿಂದ ಬಂದು ನೋಡ್ತಾಳೆ, ಅವಳ ಹಾಸಿಗೆ ಮೇಲೆ ಸಿಲಿಂಡರ್ ಮಲಗಿದೆ. ಮೈತುಂಬಾ ಒದ್ದೆ ಸೀರೆ. ಪಕ್ಕದಲ್ಲಿ ಸಿಂಗ್ರಿ ಬೀಸಣಿಗೆ ಹಿಡ್ಕೊಂಡು, "ಸ್ವಲ್ಪ ನೀರು ಕುಡೀತೀಯಾ?" ಅಂತ ಕೇಳ್ತಿದ್ದಾನೆ!

ಚೆಲುವಾಜಮ್ಮ ಅಳೋದೊಂದು ಬಾಕಿ. "ನನ್ನ ಹೋಟೆಲ್ ಮುಚ್ಚಿಸ್ತೀಯಲ್ಲೋ! ಸರಿಯಾಗಿ ಕೇಳಿಸ್ಕೋ. ಒಳಗೆ ಬರೋದನ್ನೆಲ್ಲ ಮೊದಲು ಮೂಸಿ ನೋಡು. ವಾಸನೆ ಬಂದ್ರೆ ಸೋಪಿನ ನೊರೆ ಹಚ್ಚು. ಗುಳ್ಳೆ ಎದ್ರೆ ಲೀಕು ಅಂತ ಅರ್ಥ, ಎತ್ಕೊಂಡು ಹೋಗಿ ಬಯಲಲ್ಲಿಡು. ಕತ್ತಿನ ಹತ್ರ ತಾರೀಖಿರುತ್ತೆ. ಅವಧಿ ಮುಗಿದಿದ್ರೆ ಬಂದ ಕಡೆಗೇ ವಾಪಸ್ ಕಳಿಸು!"

"ಆಗ್ಲಿ ಕಣವ್ವ. ಹಂಗೇ ಮಾಡ್ತೀನಿ."

ಸೋಮವಾರ ಬಂತು. ಸಾಹೇಬ್ರೂ ಬಂದ್ರು. ಕೈಯಲ್ಲಿ ಬೀಗ, ಮೈತುಂಬಾ ಸೆಂಟು. ಚೆಲುವಾಜಮ್ಮ ಹಿತ್ತಲಲ್ಲಿ ಸರಪಳಿ ತೊಳೀತಿದ್ಲು. ಬಾಗಿಲಲ್ಲೇ ಸಿಂಗ್ರಿ ಸಾಹೇಬ್ರನ್ನ ಮೂಸಿದ. ವಾಸನೆ! ಬಕೆಟ್ಟಿನ ನೊರೆ ತಂದು ತಲೆಯಿಂದ ಸೊಂಟದವರೆಗೆ ತಿಕ್ಕಿದ. ಗುಳ್ಳೆ ಎದ್ದೇ ಎದ್ದವು!

"ಏಯ್! ಏನೋ ಇದು? ನಾನು ಯಾರು ಗೊತ್ತಾ?"

ಗೊತ್ತು, ಲೀಕು! ಸಾಹೇಬ್ರನ್ನ ಹೆಗಲಿಗೆ ಹಾಕ್ಕೊಂಡು ಓಡಿ, ಬಸ್ ಸ್ಟ್ಯಾಂಡಿನ ಬಯಲಲ್ಲಿ ಇಳಿಸಿದ. ಚೆಲುವಾಜಮ್ಮ ಎದ್ದುಬಿದ್ದು ಬಂದು ಕೈ ಮುಗಿದ್ಲು. "ತಪ್ಪಾಯ್ತು ಸ್ವಾಮಿ, ಹೊಟ್ಟೆ ಮೇಲೆ ಹೊಡೀಬೇಡಿ!"

"ಈಗಲೇ ಬೀಗ ಹಾಕ್ತೀನಿ! ಎಲ್ಲಾ ನಿಯಮದ ಪ್ರಕಾರ ಇರಬೇಕು, ನಿಯಮ!"

ಸಿಂಗ್ರಿ ಆಗ ಸಾಹೇಬ್ರ ಕತ್ತಲ್ಲಿ ನೇತಾಡ್ತಿದ್ದ ಗುರುತಿನ ಕಾರ್ಡು ಹಿಡ್ಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಅವ್ವಾ, ಇವರ ಅವಧಿ ಹೋದ ವರ್ಷಾನೇ ಮುಗಿದಿದೆ. ವಾಪಸ್ ಕಳಿಸ್ಲಾ?"

ಹೊರಡೋಕೆ ನಿಂತಿದ್ದ ಬಸ್ಸಿನ ಕಂಡಕ್ಟರ್ ಬಗ್ಗಿ ನೋಡಿ, "ಹೌದಲ್ಲ ಸಾರ್!" ಅಂದ. ಸಾಹೇಬ್ರು ಕಾರ್ಡು ಮುಚ್ಕೊಂಡ್ರು. "ಅರ್ಜಿ ಕೊಟ್ಟಿದೀನಿ... ಫೈಲು ಮೇಲೆ ಹೋಗಿದೆ..." ಅಂತ ತೊದಲಿದ್ರು. ಜನ ಹೋ ಅಂತ ನಕ್ಕಿದ್ದೇ ನಕ್ಕಿದ್ದು. ಸಿಂಗ್ರಿ ಅವರನ್ನ ನೊರೆ ಸಮೇತ ಬಸ್ಸಿಗೆ ಹತ್ತಿಸಿದ. ಬಸ್ಸು ಹೋಯ್ತು, ಬೀಗಾನೂ ಹೋಯ್ತು.

ಚೆಲುವಾಜಮ್ಮ ಓಡಿ ಹೋಗಿ ಒಲೆ ಹಚ್ಚಿದ್ಲು. ಹುಟ್ಟಿದಾಗಿನಿಂದ ಬೈದಿದ್ದ ಮಗನ ಕೆನ್ನೆ ಸವರಿ ಕಣ್ಣೀರು ಹಾಕಿದ್ಲು. "ನನ್ನ ಬಂಗಾರ! ನನ್ನ ಒಲೆ ಉಳಿಸಿದೆ ಕಣೋ! ಬಿಸಿ ಬಿಸಿ ಇಡ್ಲಿ ಕೊಡ್ತೀನಿ, ಅಜ್ಜೀನೂ ಕರಿ."

"ಅಜ್ಜಿ ಇಲ್ಲವಲ್ಲವ್ವ."

"ಎಲ್ಲೋ ಹೋದ್ಲು?"

"ಅಜ್ಜಿ ಕತ್ತಿನಲ್ಲೂ ಬಸ್ ಪಾಸಿತ್ತಲ್ಲ, ಅದರ ಅವಧೀನೂ ಮುಗಿದಿತ್ತು. ಅದೇ ಬಸ್ಸಿಗೆ ಹತ್ತಿಸಿ ವಾಪಸ್ ಕಳಿಸ್ದೆ. ನೀನೇನೂ ಯೋಚನೆ ಮಾಡಬೇಡ, ಸಾಹೇಬ್ರ ಪಕ್ಕ ನೆಟ್ಟಗೆ ಕೂರಿಸಿ, ಇಬ್ಬರಿಗೂ ಸೇರಿಸಿ ಸರಪಳಿ ಹಾಕಿದೀನಿ!"